ಗಿರಣಿ ಮಾವಶಿ ಹೇಳಿದ ‘ಇಲ್ಲ’

ಮೊನ್ನೆ ಚಿಕ್ಕೋಡಿಯ ನಮ್ಮ ಬಾಡಿಗೆ ಮನೆಯ ಕೆಳಗಿನ ಅಂತಸ್ತಿನವರು ಮನೆಯಲ್ಲೇ ಬೀಸಿಕೊಳ್ಳುವ ಪುಟ್ಟ ಗಿರಣಿಯೊಂದನ್ನು ತಂದರು. ಕಪಾಟಿನ ಹಾಗೆ ಕಾಣುವ ಬಿಳಿ ಪೆಟ್ಟಿಗೆ. ಬೆಳಿಗ್ಗೆ ನಾನು ಶಾಲೆಗೆ ಹೊರಟು ಮೆಟ್ಟಿಲಿಳಿಯುವಾಗ ಅವರ ಬಾಗಿಲು ತೆರೆದಿತ್ತು. ಬಿಸಿ ಜೋಳದ ಹಿಟ್ಟಿನ ವಾಸನೆ, ಕಲ್ಲು ಕಾದಾಗ ಬರುವ ಆ ತುಸು ಸುಟ್ಟಂಥ, ತುಸು ಸಿಹಿಯಾದ ವಾಸನೆ, ಮೆಟ್ಟಿಲ ತುಂಬ ನಿಂತಿತ್ತು. ನಾನು ಕಂಬಿ ಹಿಡಿದು ನಿಂತುಬಿಟ್ಟೆ.

“ಏನ್ ಟೀಚರ್, ನಿಮ್ದೂ ಬೀಸಿ ಕೊಡ್ಲೇನ್ರಿ?” ಎಂದು ಆ ಮನೆಯಾಕೆ ನಗುತ್ತ ಕೇಳಿದರು. ಬೇಡವೆಂದೆ. ಕೆಲವು ವರ್ಷಗಳಿಂದ ನಾನು ಪಾಕೀಟಿನ ಹಿಟ್ಟನ್ನೇ ತರುತ್ತೇನೆ. ಯಾಕೆ ಎಂದು ಯಾರಾದರೂ ಕೇಳಿದರೆ ಹೊತ್ತಿಲ್ಲ ಎನ್ನುತ್ತೇನೆ. ನಿಜ ಏನೆಂದರೆ, ಗಿರಣಿಯ ಮುಂದೆ ಡಬ್ಬಿ ಹಿಡಿದು ನಿಲ್ಲುವುದು ನನ್ನಿಂದಾಗುವುದಿಲ್ಲ...

ನಮ್ಮೂರು ಕೃಷ್ಣೆಯ ದಂಡೆಯ ಮೇಲಿನ ಒಂದು ಸಣ್ಣ ಪಟ್ಟಣ. ಮೇಲುಗಡೆ ಬಸ್ ಸ್ಟ್ಯಾಂಡು, ಶಾಲೆ, ದವಾಖಾನೆ. ಅಲ್ಲಿಂದ ಪೇಟೆ ಹೊಳೆಯ ಕಡೆಗೆ ಇಳಿಯುತ್ತ ಹೋಗುತ್ತದೆ. ಇಳಿದು ಇಳಿದು ಇನ್ನೇನು ನೀರೇ ಬಂತು ಎನ್ನುವಲ್ಲಿ ನಮ್ಮ ಓಣಿ, ಓಣಿಯ ಬಾಯಲ್ಲಿ ಹಿಟ್ಟಿನ ಗಿರಣಿ. ಆ ಗಿರಣಿಯನ್ನು ನಡೆಸುತ್ತಿದ್ದಾಕೆಯನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಸಣ್ಣವರಿಗೂ ದೊಡ್ಡವರಿಗೂ ಆಕೆ ಗಿರಣಿ ಮಾವಶಿ, ಅಂದರೆ ಗಿರಣಿ ಚಿಕ್ಕಮ್ಮ.

ಗಿರಣಿ ಹಾಕಿದ್ದು ಆಕೆಯ ಗಂಡ. ಮದುವೆಯಾಗಿ ನಾಲ್ಕೈದು ವರ್ಷಕ್ಕೆ ಆತ ಕಾಮಾಲೆಯಾಗಿ ತೀರಿಕೊಂಡ. ಮಕ್ಕಳಿರಲಿಲ್ಲ. ಜಾಗ ಗಂಡನ ಅಣ್ಣನ ಹೆಸರಿನಲ್ಲಿತ್ತು. ಆ ಭಾವ, “ಗಿರಣಿ ನಡಿಸ್ಕೊಂಡು ಹಿಂದಿನ ಖೋಲ್ಯಾಗ ಇರು” ಎಂದನಂತೆ. ಗಿರಣಿ ನಡೆದರೆ ಇರಲು ಆ ಕೋಣೆ, ನಿಂತರೆ ಇಲ್ಲ ಎಂಬುದು ಆ ಮಾತಿನ ಅರ್ಥ. ಯಾರೂ ಅದನ್ನು ಬಿಡಿಸಿ ಹೇಳಲಿಲ್ಲ, ಯಾರೂ ಅದನ್ನು ಅನ್ಯಾಯ ಎನ್ನಲೂ ಇಲ್ಲ. ಮಾವಶಿ ಹಾಗೆಯೇ ಇದ್ದುಬಿಟ್ಟಳು, ಮೂವತ್ತು ವರ್ಷ.

ನಾನು ಚಿಕ್ಕವಳಿದ್ದಾಗ ವಾರಕ್ಕೆರಡು ಸಲ ಅವ್ವ ಜೋಳದ ಡಬ್ಬಿ ಕೊಟ್ಟು ಕಳಿಸುತ್ತಿದ್ದಳು. ಬೆಳಿಗ್ಗೆ ಜೋಳ, ಜೋಳದ ಸರದಿ ಮುಗಿದ ಮೇಲೆ ಗೋಧಿ, ಕಡಲೆಬೇಳೆಗೆ ಶನಿವಾರ ಮಧ್ಯಾಹ್ನ. ಈ ಕ್ರಮ ತಪ್ಪಿಸಲು ಊರ ಧಣಿ ಬಂದರೂ ಮಾವಶಿ ಒಪ್ಪುತ್ತಿರಲಿಲ್ಲ. ಒಬ್ಬರ ಹಿಟ್ಟು ಇನ್ನೊಬ್ಬರ ಹಿಟ್ಟಿಗೆ ಬೆರೆಯಬಾರದು. ಸೆರಗನ್ನು ಮೂಗು ಬಾಯಿಗೆ ಸುತ್ತಿ ಹಿಂದೆ ಗಂಟು ಹಾಕಿಕೊಂಡಿರುತ್ತಿದ್ದಳು. ಕೆಳಗೆ ಬೀಳುವ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿ, ಚಕ್ರವನ್ನು ಒಂದು ಎಳೆ ಬಿಗಿ ಮಾಡುತ್ತಿದ್ದಳು. ಹುಬ್ಬು, ರೆಪ್ಪೆ, ಕಿವಿಯ ಸಣ್ಣ ಕೂದಲು ಎಲ್ಲವೂ ಬೆಳ್ಳಗೆ. ನನಗೆ ಬುದ್ಧಿ ಬಂದಾಗಿನಿಂದ ಆಕೆ ಮುದುಕಿಯ ಹಾಗೆಯೇ ಕಾಣುತ್ತಿದ್ದಳು. ಆಗ ಆಕೆಗೆ ನಲವತ್ತೂ ಆಗಿರಲಿಲ್ಲ ಎಂದು ಈಗ ಲೆಕ್ಕ ಹಾಕಿದರೆ ತಿಳಿಯುತ್ತದೆ.

ಯಾವ ಮನೆಯಲ್ಲಿ ಏನು ನಡೆದಿದೆ ಎಂಬುದು ಆಕೆಗೆ ಡಬ್ಬಿಯಿಂದಲೇ ಗೊತ್ತಾಗುತ್ತಿತ್ತು. ಗೋಧಿ ಹೆಚ್ಚಾದರೆ ಮಗಳು ಅಳಿಯ ಬಂದಿದ್ದಾರೆ. ನುಚ್ಚು ಒಡೆಸಿದರೆ ಯಾರೋ ಮಲಗಿದ್ದಾರೆ. “ಏನಬೇ, ನಿಮ್ಮವ್ವಗ ಆರಾಮಿಲ್ಲೇನ? ಈ ವಾರ ಜ್ವಾಳನ ಬಂದಿಲ್ಲ” ಎಂದು ದಾರಿಯಲ್ಲಿ ಹೋಗುವವಳನ್ನು ನಿಲ್ಲಿಸಿ ಕೇಳುತ್ತಿದ್ದಳು. ಕೇಳುವುದೆಂದರೆ ಚೀರುವುದು. ಗಿರಣಿಯ ಗದ್ದಲದಲ್ಲಿ ಇದ್ದು ಇದ್ದು ಆಕೆಯ ಕಿವಿ ಮಂದವಾಗಿತ್ತು. ಮೆಲ್ಲಗೆ ಮಾತಾಡುವುದನ್ನೇ ಆಕೆ ಮರೆತಿದ್ದಳು. ಓಣಿಯವರು ಅದನ್ನು ಆಡಿಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಮಹಾಪೂರ ಬಂದ ಆ ವರ್ಷ ನಮ್ಮಲ್ಲಿ ಹೇಳಿಕೊಳ್ಳುವಂಥ ಮಳೆಯೇ ಇರಲಿಲ್ಲ. ಮೇಲೆ ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದದ್ದು ಹೊಳೆಯಾಗಿ ಇಳಿದು ಬಂತು. ಬಿಸಿಲು ಕಾಯುತ್ತಿರುವಾಗಲೇ ನೀರು ಓಣಿಯ ಬಾಯಿಗೆ ಬಂದು ನಿಂತಿತು. ಹೊಳೆಯ ದಂಡೆಯ ಊರುಗಳಾದ ಸತ್ತಿಯ ಕಡೆಯಿಂದ, ಯಡೂರಿನ ಕಡೆಯಿಂದ ಫೋನುಗಳು ಬರತೊಡಗಿದವು: ಅಲ್ಲಿ ಇಷ್ಟು ಏರಿದೆ, ಇಲ್ಲಿ ಇಷ್ಟು ಏರಿದೆ, ನೀವಿನ್ನೂ ಕೂತಿದ್ದೀರಾ... ಮಧ್ಯಾಹ್ನದೊಳಗೆ ನಾವೆಲ್ಲ ಹಾಸಿಗೆ, ಕಾಗದಪತ್ರ, ದನಕರು ಕಟ್ಟಿಕೊಂಡು ಮೇಲಿನ ಶಾಲೆಯ ಕಾಳಜಿ ಕೇಂದ್ರಕ್ಕೆ ಬಂದೆವು. ಹನ್ನೊಂದು ದಿನ ಅಲ್ಲಿಯೇ ಇದ್ದೆವು.

ಆ ಹನ್ನೊಂದು ದಿನ ಮಾವಶಿ ನಮ್ಮ ಕೋಣೆಯಲ್ಲೇ ಇದ್ದಳು. ಏಳನೆಯ ತರಗತಿಯ ಕೋಣೆ, ಹದಿನಾಲ್ಕು ಸಂಸಾರ. ಮಕ್ಕಳ ಅಳು, ಹೆಂಗಸರ ಜಗಳ, ಹೊರಗೆ ದನಗಳ ಕೂಗು. ಮೊದಲ ಎರಡು ದಿನ ಆಕೆ ಬರೀ ಮಲಗಿದಳು, ಊಟಕ್ಕೆ ಎಬ್ಬಿಸಬೇಕಾಯಿತು. ಮೂರನೆಯ ದಿನ ಎದ್ದು ಕರಿಹಲಗೆಗೆ ಬೆನ್ನು ಕೊಟ್ಟು ಕೂತು, ಆ ಗದ್ದಲದ ನಡುವೆಯೇ ನನ್ನ ಕಡೆ ತಿರುಗಿ, “ಎಷ್ಟ ಶಾಂತ ಐತಿಲೇ ಇಲ್ಲಿ” ಎಂದಳು. ಪಕ್ಕದಲ್ಲಿದ್ದವರೆಲ್ಲ ನಕ್ಕರು. ಆಕೆ ನಗಲಿಲ್ಲ.

ನೀರು ಇಳಿದ ಮೇಲೆ ಪೇಟೆಯನ್ನು ನೋಡುವ ಹಾಗಿರಲಿಲ್ಲ. ಎಲ್ಲ ಅಂಗಡಿಗಳ ಗೋಡೆಯ ಮೇಲೂ ಒಂದೇ ಎತ್ತರಕ್ಕೆ ಕೆಸರಿನ ಗೆರೆ. ನಾನಾಗ ಬಿ.ಎಡ್. ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದೆ. ಹೊರಗಿನಿಂದ ಬಂದ ಒಂದು ಸಂಸ್ಥೆಯವರು, ಮುಳುಗಿದ ಅಂಗಡಿಗಳು ಮತ್ತೆ ನಡೆಯಲು ಏನೇನು ಬೇಕು ಎಂದು ಸಮೀಕ್ಷೆ ಮಾಡಲು ಊರಿನ ಓದಿದ ಹುಡುಗಿಯರನ್ನು ಒಂದು ತಿಂಗಳ ಮಟ್ಟಿಗೆ ಹುಡುಕುತ್ತಿದ್ದರು. ನನ್ನನ್ನು ಸೇರಿಸಿಕೊಂಡರು. ಕೊರಳಿಗೊಂದು ಗುರುತಿನ ಚೀಟಿ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಫಾರ್ಮುಗಳ ಕಟ್ಟು. ಇಡೀ ಪೇಟೆ ತಿರುಗಿದೆ. ಟೇಲರ ಕಾಕಾ ಅಂಗಡಿಯ ಮುಂದೆ ಹಗ್ಗ ಕಟ್ಟಿ ಜನರ ಮದುವೆಯ ಜಂಪರುಗಳನ್ನು ಒಣಹಾಕಿದ್ದ. ಒಂದರ ಬಣ್ಣ ಒಂದಕ್ಕೆ ಹತ್ತಿ ಎಲ್ಲವೂ ಒಂದೇ ಥರದ ಕಂದು ಬಣ್ಣಕ್ಕೆ ತಿರುಗಿದ್ದವು. ಚಪ್ಪಲಿ ಮಾಡುವವರ ಓಣಿಯಲ್ಲಿ ತೊಗಲು ಉಬ್ಬಿ ನಾರುತ್ತಿತ್ತು. ಹೋದಲ್ಲೆಲ್ಲ ಒಂದೇ ಪ್ರಶ್ನೆ: “ಯಾವಾಗ ಬರ್ತೈತ್ರಿ ಮದತ?” ನೆರವು ಯಾವಾಗ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಬರುತ್ತದೆ ಎನ್ನುತ್ತಿದ್ದೆ.

ಫಾರ್ಮು ಎಂಟು ಹಾಳೆಯದು. ಅಂಗಡಿಯ ಅಳತೆ, ನೀರು ನಿಂತ ದಿನಗಳು, ಹಾಳಾದ ಸಾಮಾನು, ಬೇಕಾದ ನೆರವು. ಮೂರನೆಯ ಹಾಳೆಯ ತುದಿಗೆ ಒಂದು ಪ್ರಶ್ನೆ ಇತ್ತು: ‘ಈ ವ್ಯಾಪಾರವನ್ನು ಇದೇ ಸ್ಥಳದಲ್ಲಿ ಮತ್ತೆ ಆರಂಭಿಸುವಿರಾ?’ ಹೌದು ಎಂದರೆ ಮುಂದಿನ ಹಾಳೆ ತಿರುವಬೇಕು. ಇಲ್ಲ ಎಂದರೆ ಅಲ್ಲಿಗೇ ಸಹಿ ಹಾಕಿಸಿ ಎದ್ದು ಬರಬೇಕು. ಅಲ್ಲಿಯ ತನಕ ನನಗೆ ಇಲ್ಲ ಎಂದವರು ಒಬ್ಬರೂ ಸಿಕ್ಕಿರಲಿಲ್ಲ. ಆ ಪ್ರಶ್ನೆಯನ್ನು ಓದುವ ಮೊದಲೇ ನನ್ನ ಪೆನ್ನು ಹೌದಿನ ಮೇಲೆ ಹೋಗುತ್ತಿತ್ತು.

ಮಾವಶಿಯ ಗಿರಣಿಗೆ ಹೋದಾಗ ಹೊತ್ತು ಏರಿತ್ತು. ಎಲ್ಲ ಅಂಗಡಿಗಳಲ್ಲಿ ಕೆಸರು ಬಳಿದು ತೆಗೆಯುವ ಕೆಲಸ ನಡೆದಿದ್ದರೆ ಇಲ್ಲಿ ಏನೂ ನಡೆದಿರಲಿಲ್ಲ. ಮೋಟಾರು ಕೆಸರಿನ ಗುಡ್ಡೆಯಾಗಿತ್ತು. ಮೇಲಿನ ಡಬ್ಬಿಯಲ್ಲಿ ಯಾರದೋ ಜೋಳ ಅರ್ಧ ಬೀಸದೆ ಹಾಗೇ ಉಳಿದು ಉಬ್ಬಿ ಮೊಳಕೆ ಒಡೆದಿತ್ತು. ಬಿಳಿ ಬೇರುಗಳು ಡಬ್ಬಿಯ ಅಂಚು ದಾಟಿ ಇಳಿಬಿದ್ದಿದ್ದವು. ಮಾವಶಿ ಬಾಗಿಲಲ್ಲಿ ಬೋರಲು ಹಾಕಿದ ಡಬ್ಬಿಯ ಮೇಲೆ ಕೂತಿದ್ದಳು. ತೊಳೆದ ಸೀರೆ ಉಟ್ಟಿದ್ದಳು. ಆಕೆಯ ರೆಪ್ಪೆಗಳು ಕಪ್ಪಗಿರುವುದನ್ನು ನಾನು ಅಂದು ಮೊದಲ ಸಲ ನೋಡಿದೆ.

ಅಳತೆ, ಸಾಮಾನು ಎಲ್ಲ ಬರೆದುಕೊಂಡು ಮೂರನೆಯ ಹಾಳೆಯ ತುದಿಗೆ ಬಂದೆ. “ಮಾವಶಿ, ಗಿರಣಿ ಮತ್ತ ಇಲ್ಲೇ ಚಾಲೂ ಮಾಡ್ತೀರಲ್ರಿ?”

“ಇಲ್ಲ.”

ಆಕೆಗೆ ಕೇಳಿಸಿಲ್ಲವೆಂದು ಮತ್ತೆ ಜೋರಾಗಿ ಕೇಳಿದೆ.

“ಕೇಳಿಸ್ತಬೇ, ಚೀರಬ್ಯಾಡ. ಇಲ್ಲ ಅಂತ ಬರಿ.”

“ಮತ್ತ ಏನ್ ಮಾಡ್ತೀರಿ?”

“ಅಲಖನೂರಾಗ ತಂಗಿ ಅದಾಳ. ಕಬ್ಬಿನ ಹೊಲದ ಬಾಜೂಕ ಮನಿ. ಬಾ ಅಂತ ಹತ್ತ ವರ್ಷದಿಂದ ಕರ್ಯಾಕತ್ತಾಳ. ಹೋಗಿ ಅಕಿ ಎಮ್ಮಿ ಕಾಯ್ಕೊಂತ ಇರ್ತೀನಿ. ಎಮ್ಮಿ ಗದ್ದಲಾ ಮಾಡೂದಿಲ್ಲ.”

“ನಿಮ್ಮ ಭಾವ್ಗ ಹೇಳೀರೇನ್ರಿ?”

ಆಕೆ ಒಳಗೆ ಮೋಟಾರಿನ ಕಡೆ ಕೈ ತೋರಿಸಿದಳು. “ನಾ ಏನ್ ಹೇಳೂದ ಐತಿ? ಮೂವತ್ತ ವರ್ಷ ಬಂದ್ ಮಾಡ್ತೀನಿ ಅನ್ನಾಕ ನನಗ ಬಾಯಿ ಬರ್ಲಿಲ್ಲ. ಈಗ ಹೊಳಿನ ಬಂದು ಬಂದ್ ಮಾಡೇತಿ. ಇನ್ನ ಯಾರೂ ನನಗ ಏನೂ ಅನ್ನಾಂಗಿಲ್ಲ.” ಹೇಳುವಾಗ ಆಕೆಯ ದನಿ ಇಳಿದಿತ್ತು. ಆಕೆ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಆಮೇಲೆ ನನ್ನ ಹಲಗೆಯ ಮೇಲೆ ಬಗ್ಗಿ, “ಬರದ್ಯಾ? ಓದು, ಕೇಳ್ತೀನಿ” ಎಂದಳು.

ಇಲ್ಲ ಎಂಬಲ್ಲಿ ಗುರುತು ಹಾಕಿ ಓದಿ ಹೇಳಿದೆ. ಆಕೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಎದ್ದು ನನ್ನ ಗಲ್ಲ ಸವರಿದಳು.

ಅವತ್ತು ಸಂಜೆ ಫಾರ್ಮುಗಳನ್ನು ಒಪ್ಪಿಸಲು ಹೋದಾಗ ನಮ್ಮ ಮೇಲ್ವಿಚಾರಕರು ಮಾವಶಿಯ ಆ ಮೂರು ಹಾಳೆಯನ್ನು ಬೇರೆ ತೆಗೆದಿಟ್ಟರು. ಬೆಂಗಳೂರು ಕಡೆಯ ಸಜ್ಜನ ಮನುಷ್ಯ, ಯಾರ ಮೇಲೂ ದನಿ ಏರಿಸಿದವರಲ್ಲ. “ಇಲ್ಲ ಅಂದವರ ಹೆಸರು ಪಟ್ಟಿಗೇ ಬರಲ್ಲ ಮೇಡಂ. ಅವರಿಗೆ ಏನೂ ಸಿಗಲ್ಲ. ಪಾಪ, ಒಂಟಿ ಹೆಂಗಸು ಅಂತೀರಿ. ನೀವೇ ಯೋಚನೆ ಮಾಡಿ” ಎಂದರು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಕೆಸರು ಹತ್ತಿದ ಪಾತ್ರೆಗಳನ್ನು ಮೂರನೆಯ ಸಲ ತಿಕ್ಕುತ್ತಿದ್ದಳು. “ಅಕಿ ಬ್ಯಾಸರಾಗಿ ಹಂಗ ಅಂದಾಳ. ಗಿರಣಿ ಬಿಟ್ಟು ಎಲ್ಲಿ ಹೋಗ್ತಾಳ? ಹೌದಂತ ಬರಿ, ಏನರ ಸಿಗಲಿ ಅಕಿಗೆ. ಇಲ್ಲಂದ್ರ ನಾವೆಲ್ಲ ಹಿಟ್ಟಿಗೆ ಬಸ್ ಸ್ಟ್ಯಾಂಡ್ ತನಕಾ ಡಬ್ಬಿ ಹೊತಗೊಂಡ ಹೋಗಬೇಕಾಗ್ತೈತಿ” ಎಂದಳು. ಆ ಕೊನೆಯ ಮಾತು ಅವ್ವನ ಒಬ್ಬಳದಲ್ಲ, ಇಡೀ ಓಣಿಯದು.

ನಾನು ನನ್ನಷ್ಟಕ್ಕೆ ಹೀಗೆ ಎಣಿಸಿಕೊಂಡೆ: ಹೌದೆಂದು ಬರೆದರೆ ಏನೋ ನೆರವು ಬರುತ್ತದೆ, ಅದನ್ನು ತೆಗೆದುಕೊಂಡು ಆಕೆ ಅಲಖನೂರಿಗೆ ಹೋಗಲಿ, ಯಾರು ಕೇಳುತ್ತಾರೆ? ನನಗೆ ಅದು ಜಾಣತನದ ದಾರಿಯಾಗಿ ಕಂಡಿತು. ಹೊಸ ಫಾರ್ಮು ತೆಗೆದು ಎಂಟೂ ಹಾಳೆ ತುಂಬಿದೆ. ಬೇಕಾದ ನೆರವು ಎಂಬಲ್ಲಿ, ಮೋಟಾರು ಸಹಿತ ಹಿಟ್ಟಿನ ಗಿರಣಿ ಎಂದು ಚೆಂದದ ಅಕ್ಷರದಲ್ಲಿ ಬರೆದೆ. ಎರಡು ದಿನ ಬಿಟ್ಟು ಮಾವಶಿಯ ಹತ್ತಿರ ಹೋಗಿ, ಇನ್ನೊಂದು ಸಹಿ ಬೇಕಾಗಿದೆ ಎಂದೆ. ಆಕೆ ಅಷ್ಟರೊಳಗೆ ತನ್ನ ಎರಡು ಸೀರೆ, ಒಂದು ಹಿತ್ತಾಳೆ ಕೊಡ ಗಂಟು ಕಟ್ಟಿಟ್ಟಿದ್ದಳು. ಅಲಖನೂರಿಗೆ ಹೋಗುವ ರಾಯಬಾಗದ ಬಸ್ಸಿನ ದಾರಿ ಇನ್ನೂ ತೆರೆದಿರಲಿಲ್ಲ, ಅದಕ್ಕೆ ಕಾದಿದ್ದಳು.

“ಓದ್ಲೇನ್ರಿ?” ಎಂದೆ. ಓದು ಎಂದಿದ್ದರೆ ಓದುತ್ತಿದ್ದೆನೋ ಏನೋ...

“ನೀ ಬರದದ್ದನ್ನ ಓದಿ ಕೇಳೂದೇನೈತಿ? ಕೊಡ ಇಲ್ಲಿ” ಎಂದು ಸಹಿ ಮಾಡಿಕೊಟ್ಟಳು.

ವಾರ ಕಳೆಯುವುದರೊಳಗೆ ಸಂಸ್ಥೆಯವರ ಪಟ್ಟಿ ಪಂಚಾಯ್ತಿ ಕಟ್ಟೆಯ ಗೋಡೆಗೆ ಹತ್ತಿತು. ಮಾವಶಿಯ ಭಾವ ಅದನ್ನು ಓದಿ ನೇರ ಗಿರಣಿಗೆ ಬಂದ. ಅಲ್ಲಿಯ ತನಕ ಆತ ಒಂದು ಸಲವೂ ಬಂದು ನೋಡಿರಲಿಲ್ಲ. “ಹೊಸಾ ಮಶೀನ್ ಬರಾಕತ್ತೈತಿ. ಅದು ಬರೂ ಹೊತ್ತಿನ್ಯಾಗ ಎಲ್ಲಿಗಿ ಹೊಂಟೀದಿ?” ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದನಂತೆ. ಅದು ತನಗೆ ಹೇಗೆ ಬಂತೆಂದು ಮಾವಶಿಗೆ ತಿಳಿಯಲಿಲ್ಲ. ಯಾರೋ ಸರಕಾರದವರು ತಾವಾಗಿಯೇ ಕೊಟ್ಟಿದ್ದಾರೆ ಎಂದುಕೊಂಡಳು. ಓಣಿಯವರು ಬಂದು ಬಂದು ಕೈಹಿಡಿದು ನಿನ್ನ ದೈವ ದೊಡ್ಡದು ಎಂದರು. ಅಷ್ಟು ಜನ ಸಂತೋಷಪಡುವಾಗ ತನಗೆ ಬೇಡ ಎನ್ನಲು ಆಕೆಗೆ ಬಾಯಿ ಬರಲಿಲ್ಲ. ಗಂಟು ಬಿಚ್ಚಿದಳು.

ಎರಡು ತಿಂಗಳ ಮೇಲೆ ಗಿರಣಿ ಬಂತು. ಹಸಿರು ಬಣ್ಣದ ಹೊಸ ಯಂತ್ರ. ಕೂರಿಸುವ ದಿನ ಪೆಂಡಾಲು, ತೆಂಗಿನಕಾಯಿ, ಅತಿಥಿಗಳು. ಆ ದಿನವೇ ನನಗೆ ಕರಾರಿನ ಸಂಗತಿ ತಿಳಿದದ್ದು. ಮೂರು ವರ್ಷ ಯಂತ್ರವನ್ನು ಅಲ್ಲಿಂದ ಕದಲಿಸುವ ಹಾಗಿಲ್ಲ, ಮಾರುವ ಹಾಗಿಲ್ಲ, ಯಾರ ಹೆಸರಿನಲ್ಲಿದೆಯೋ ಅವರೇ ನಡೆಸಬೇಕು. ನಿಂತರೆ ವಾಪಸ್ಸು. ಜನ ಮೋಸ ಮಾಡಬಾರದೆಂದು ಹಾಕಿದ ಕರಾರು, ತಪ್ಪೇನೂ ಅಲ್ಲ. ಮಾವಶಿಯ ಭಾವ ಆ ಕಾಗದವನ್ನು ತಾನೇ ಜೋಪಾನ ಮಾಡಿದ.

ಅತಿಥಿಗಳು ಗುಂಡಿ ಒತ್ತಿದರು. ಹೊಸ ಮೋಟಾರು ಹಳೆಯದಕ್ಕಿಂತ ದೊಡ್ಡದು, ಸದ್ದೂ ದೊಡ್ಡದು. ಮೇಲಿನ ತಗಡೆಲ್ಲ ನಡುಗಿತು. ಜನ ಚಪ್ಪಾಳೆ ತಟ್ಟಿದರು. ಮಾವಶಿ ಯಂತ್ರದ ಪಕ್ಕ ನಿಂತು ಆ ಗುಂಪಿನಲ್ಲಿ ಯಾರನ್ನೋ ಹುಡುಕುವಂತೆ ನೋಡುತ್ತಿದ್ದಳು. ನಾನು ಅವ್ವನ ಹಿಂದೆ ಸರಿದು ನಿಂತೆ.

ಮರುವರ್ಷ ನನಗೆ ಚಿಕ್ಕೋಡಿಯ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಊರಿಗೆ ಹೋದಾಗಲೆಲ್ಲ ಗಿರಣಿಯ ಮುಂದೆಯೇ ಹಾಯಬೇಕು, ಬೇರೆ ದಾರಿ ಇಲ್ಲ. ಆಕೆ ಸೊರಗಿದ್ದಳು. ಹಿಟ್ಟಿನ ಧೂಳಿಗೆ ಕೆಮ್ಮು ಹತ್ತಿತ್ತು. ಕಿವಿ ಬಹುತೇಕ ಹೋಗಿತ್ತು; ಡಬ್ಬಿ ಇಟ್ಟವರು ಬೆರಳಿನಲ್ಲಿ ಸಣ್ಣ ದಪ್ಪ ಎಂದು ತೋರಿಸುತ್ತಿದ್ದರು. ಓಣಿಯ ಹೆಂಗಸರು ಹೊಸ ಗಿರಣಿಯ ಹಿಟ್ಟು ಎಷ್ಟು ಮೆತ್ತಗಿರುತ್ತದೆ, ರೊಟ್ಟಿ ಎಷ್ಟು ಚೆಂದ ಉಬ್ಬುತ್ತದೆ ಎಂದು ಹೊಗಳುತ್ತಿದ್ದರು. ಅವ್ವ ಬಡಿದ ರೊಟ್ಟಿಯನ್ನು ನಾನೂ ತಿನ್ನುತ್ತಿದ್ದೆ. ಒಂದು ದೀಪಾವಳಿಯಲ್ಲಿ ಮಾವಶಿ ಸನ್ನೆ ಮಾಡಿ ಕರೆದು, “ಮೂರ ವರ್ಷ ಯಾವಾಗ ಮುಗಿತೈತಿ ನೋಡಿ ಹೇಳಬೇ, ನೀ ಅವ್ರ ಕೂಡ ಇದ್ದಾಕಿ” ಎಂದು ಕೇಳಿದಳು. ಭಾವನ ಹತ್ತಿರ ಇದ್ದ ಕಾಗದವನ್ನು ಆಕೆ ನೋಡಿಯೇ ಇರಲಿಲ್ಲ. ನಾನು ತಿಂಗಳು ಎಣಿಸಿ ಬೆರಳು ತೋರಿಸಿ ಹೇಳಿದೆ. ಆಕೆ ಆ ಬೆರಳುಗಳನ್ನು ತಾನೊಮ್ಮೆ ಎಣಿಸಿದಳು.

ಹೇಳಿಬಿಡಬೇಕೆಂದು ಅಂದೇ ನಿಶ್ಚಯ ಮಾಡಿದೆ. ಮರುದಿನ ಜೋಳದ ಸರದಿ ಮುಗಿಯುವ ಹೊತ್ತಿಗೆ ಬೇಕೆಂದೇ ಗೋಧಿಯ ಡಬ್ಬಿ ಹಿಡಿದು ಹೋದೆ. ಗಿರಣಿ ಓಡುತ್ತಿತ್ತು. ಹತ್ತಿರ ಹೋಗಿ, ಆಕೆಯ ಕಿವಿಗೆ ಬಾಯಿ ಹಚ್ಚಿ ಹೇಳಿದೆ: “ಮಾವಶಿ, ನೀವು ಇಲ್ಲ ಅಂದಿದ್ರಿ. ಹೌದಂತ ಬರದಾಕಿ ನಾನ್ರಿ.”

ಆಕೆ ನನ್ನ ತುಟಿಗಳನ್ನು ನೋಡಿದಳು. ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, “ಏನಂದಿ?” ಎಂದು ಕೂಗಿದಳು. ಹಿಂದೆ ಸರದಿಯಲ್ಲಿ ನಾಲ್ಕು ಜನ ನಿಂತಿದ್ದರು. ಮೋಟಾರು ನಿಲ್ಲಿಸಿ ಅನ್ನಬಹುದಿತ್ತು. ಅವಳ ಖೋಲಿಗೆ ಹೋಗಿ ಕೂತು, ಒಂದು ಹಾಳೆಯಲ್ಲಿ ಬರೆದು ಕೊಡಬಹುದಿತ್ತು. ಆಕೆಗೆ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ನಾನು ಹೆಬ್ಬೆರಳು ತೋರುಬೆರಳು ಜೋಡಿಸಿ, ಸಣ್ಣಗೆ ಬೀಸಿರಿ ಎಂದು ತೋರಿಸಿದೆ. ಆಕೆ ತಲೆಯಾಡಿಸಿ ಚಕ್ರ ಬಿಗಿ ಮಾಡಿದಳು.

ಮೂರು ವರ್ಷ ಮುಗಿಯಲು ಇನ್ನೂ ಒಂಬತ್ತು ಹತ್ತು ತಿಂಗಳಿದ್ದವು. ಚಳಿಗಾಲದ ಒಂದು ಬೆಳಿಗ್ಗೆ ಅವ್ವನ ಫೋನು ಬಂತು. ಗಿರಣಿ ತೆರೆದಿರಲಿಲ್ಲವಂತೆ. ಜನ ಬಂದು ಬಂದು ಬಾಗಿಲ ಮುಂದೆ ಡಬ್ಬಿಗಳನ್ನು ಸಾಲಾಗಿ ಇಟ್ಟು, ಬಿಸಿಲು ಕಾಯಿಸಿಕೊಳ್ಳುತ್ತ ಮಾತಾಡುತ್ತ ನಿಂತಿದ್ದರಂತೆ. ಸಾಲು ಓಣಿಯ ತಿರುವಿನ ತನಕ ಬಂದ ಮೇಲೆ ಯಾರೋ, ಎಂದೂ ಇಷ್ಟು ತಡ ಮಾಡಿದವಳಲ್ಲ ಎಂದು ಹಿಂದಿನ ಖೋಲಿಗೆ ಹೋಗಿ ನೋಡಿದ್ದಾರೆ... ಮಲಗಿದಲ್ಲೇ ಹೋಗಿದ್ದಳು. ಎದೆ ಕೆಟ್ಟಿತ್ತು ಎಂದರು ಡಾಕ್ಟರು. ಜನ ತಮ್ಮ ತಮ್ಮ ಡಬ್ಬಿ ಎತ್ತಿಕೊಂಡು ಮನೆಗೆ ಹೋದರಂತೆ. ಅವ್ವ ಅದನ್ನು ಹೇಳುವಾಗ ಅಳುತ್ತಿದ್ದಳು. ಆ ಸಾಲಿನಲ್ಲಿ ಅವಳ ಡಬ್ಬಿಯೂ ಇತ್ತು.

ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿದ್ದರು. ಮಾವಶಿಯ ತಂಗಿ ಬಂದು ಹೋಗಿದ್ದಳು. ತಿಂಗಳು ಕಳೆದ ಮೇಲೆ ಒಂದು ಭಾನುವಾರ ನಾನು ಅಲಖನೂರಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ತಂಗಿಯ ಮುಖ ಮಾವಶಿಯದೇ, ಬಿಸಿಲಿಗೆ ಕಂದಿತ್ತು ಅಷ್ಟೆ. ನಾನು ಯಾರೆಂದು ಹೇಳಿದ ಮೇಲೆ ಒಳಗೆ ಕರೆದು ಕೂರಿಸಿದಳು. ಪಡಸಾಲೆಯ ಬದಿಗೆ ಒಂದು ಸಣ್ಣ ಖೋಲಿ ಇತ್ತು. ಅದರ ಗೋಡೆಗೆ ಸುಣ್ಣ ಬಳಿದಿತ್ತು. ಗೂಟಕ್ಕೆ ಹೊಸದೊಂದು ಹಗ್ಗ ಕಟ್ಟಿತ್ತು, ಸೀರೆ ಹಾಕಿಕೊಳ್ಳಲು. “ಅಕಿ ಬರ್ತಾಳಂತ ಮಾಡ್ಸಿದ್ದೆ. ವರ್ಷಾ ಶ್ರಾವಣದಾಗ ಒಂದ್ಸಲ ಸುಣ್ಣಾ ಹಚ್ತಿದ್ದೆ” ಎಂದಳು.

ಆಗ ನಾನು ಎಲ್ಲವನ್ನೂ ಹೇಳಿದೆ. ಮೊದಲ ಫಾರ್ಮು, ಎರಡನೆಯ ಫಾರ್ಮು, ಸಹಿ, ಗೋಧಿಯ ಡಬ್ಬಿ, ಯಾವುದನ್ನೂ ಬಿಡದೆ ಹೇಳಿದೆ. ಹೇಳುತ್ತ ಅತ್ತೆ. ಆಕೆ ಬೈಯಲಿ ಎಂದು ಕಾದೆ, ಇರಲಿ ಬಿಡು ಎನ್ನಲಿ ಎಂದೂ ಕಾದೆ. ಆಕೆ, “ನನ್ನ ಮುಂದ ಹೇಳಿ ಏನ್ ಮಾಡ್ತಿ? ಅಕಿ ಮುಂದ ಹೇಳಬೇಕಾಗಿತ್ತು” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಎದ್ದು ಚಹಾಕ್ಕೆ ಇಟ್ಟಳು. ಕುಡಿದು ಬಸ್ಸಿಗೆ ಬಂದೆ.

ಗಿರಣಿಯನ್ನು ಸಂಸ್ಥೆಯವರು ವಾಪಸ್ಸು ಒಯ್ದರು. ಭಾವ ಆ ಜಾಗಕ್ಕೆ ಬೀಗ ಹಾಕಿದ್ದಾನೆ. ನಮ್ಮ ಓಣಿಯವರು ಈಗ ಹಿಟ್ಟಿಗೆ ಬಸ್ ಸ್ಟ್ಯಾಂಡಿನ ತನಕ ಹೋಗುತ್ತಾರೆ. ಹೋಗಿ ಬರಲು ಅರ್ಧ ಗಂಟೆ. ಅವ್ವನ ಮೊಣಕಾಲು ನೋಯುತ್ತದೆ, ಆದರೂ ಡಬ್ಬಿ ತಾನೇ ಹೊತ್ತು ಹೋಗುತ್ತಾಳೆ.

ಈ ಮಳೆಗಾಲ ಮತ್ತೆ ನೀರು ಬಂತು. ಹಿಂದಿನಷ್ಟಲ್ಲ, ಕೆಳಗಿನ ಪೇಟೆಯ ಒಂದು ಸಾಲು ಮುಳುಗಿತು. ಮತ್ತೆ ಸಮೀಕ್ಷೆ, ಮತ್ತೆ ಫಾರ್ಮು. ಹಿಂದೆ ಈ ಕೆಲಸ ಮಾಡಿದವಳೆಂದು ಹೊಸ ಹುಡುಗಿಯರಿಗೆ ಒಂದು ದಿನ ಹೇಳಿಕೊಡಲು ನನ್ನನ್ನು ಕರೆದರು. ಬೇಡವೆನ್ನಬೇಕೆಂದುಕೊಂಡೇ ಹೋದೆ. ಫಾರ್ಮಿನ ಬಣ್ಣ ಬದಲಾಗಿದೆ. ಆ ಪ್ರಶ್ನೆ ಮಾತ್ರ ಹಾಗೆಯೇ ಇದೆ, ಹೌದು, ಇಲ್ಲ ಎಂಬ ಎರಡು ಚೌಕಗಳ ಜೊತೆ.

ಒಬ್ಬಳು ಹುಡುಗಿ ಕೈ ಎತ್ತಿದಳು. “ಮೇಡಂ, ಯಾರರ ಇಲ್ಲ ಅಂದ್ರ ಏನ್ ಬರೀಬೇಕ್ರಿ?”

“ಇಲ್ಲ ಅಂತ ಬರಿ.”

“ಹಂಗ ಬರದ್ರ ಅವ್ರಿಗೆ ಏನೂ ಸಿಗೂದಿಲ್ಲಲ್ರಿ?”

ಆಗ ಇಲ್ಲ ಎಂದೇ ಉಳಿಸಿದ್ದರೆ ಮಾವಶಿ ಬರಿಗೈಯಲ್ಲಿ, ಒಂದು ಕೊಡ ಎರಡು ಸೀರೆಯೊಂದಿಗೆ ಬಸ್ಸು ಹತ್ತುತ್ತಿದ್ದಳು. ಅದು ನನಗೆ ಆಗ ಅನ್ಯಾಯವಾಗಿ ಕಂಡಿತ್ತು. ಈಗಲೂ ಪೂರಾ ನ್ಯಾಯವೆಂದು ಹೇಳಲಾರೆ.

“ಸಿಗೂದಿಲ್ಲ ಅಂತ ಅವ್ರಿಗೆ ಹೇಳು,” ಎಂದೆ. “ಹೌದಂದ್ರ ಏನ್ ಬರ್ತೈತಿ, ಎಷ್ಟ ವರ್ಷ ಕಟ್ಟಿ ಹಾಕ್ತಾರ, ಅದನ್ನೂ ಹೇಳು. ಹೇಳಿ, ಸುಮ್ನ ಕುಂದರು. ಅವ್ರು ಅಂದದ್ದನ್ನ ಬರಿ.”

ಹುಡುಗಿಯರು ತಲೆ ತಗ್ಗಿಸಿ ಅದನ್ನು ಬರೆದುಕೊಂಡರು. ಮಾವಶಿಯ ಮುಂದೆ ನಾನು ಹಾಗೆ ಕೂತಿರಲಿಲ್ಲ. ಕೂತು ಎರಡನ್ನೂ ಹೇಳಿದ್ದರೆ ಆಕೆ ಯಾವುದನ್ನು ಆರಿಸುತ್ತಿದ್ದಳೋ... ಕೇಳೋಣವೆಂದರೆ ಈಗ ಆಕೆ ಇಲ್ಲ.